ಕೈಕೊಟ್ಟ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿನಿಂದ ಸುರಕ್ಷಿತವಾಗಿ ಬಿಚ್ಚುವ ಕ್ರಮ

"ಡಿ ಡ್ರೈವ್ ತೆರೆಯೋದೇ ಇಲ್ಲ, ಹಾರ್ಡ್ ಡಿಸ್ಕ್ ಹೋಗಿದೆ ಅಂತಾರೆ. ಬಿಚ್ಚಿ ಪಕ್ಕಕ್ಕಿಟ್ಟರೆ ಸಾಕಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಾಲ್ಕು ಸ್ಕ್ರೂ, ಎರಡು ಕೇಬಲ್. ಕೈಕೆಲಸ ಇರುವುದು ಅಷ್ಟೇ. ಆದರೆ ಬಿಚ್ಚಿದ ಮೇಲೆ ವಿಂಡೋಸ್ ಏಳಲೇ ಇಲ್ಲ, ಚೆನ್ನಾಗಿದ್ದ ಡಿಸ್ಕನ್ನೇ ತೆಗೆದುಬಿಟ್ಟೆವು, ಕನೆಕ್ಟರ್ ಮುರಿದು ಕೈಗೆ ಬಂತು ಎಂಬ ದೂರುಗಳೂ ಅಷ್ಟೇ ಬರುತ್ತವೆ. ಇವುಗಳಲ್ಲಿ ಮೊದಲ ಎರಡು ತಪ್ಪುಗಳು ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಆಗಿಹೋಗಿರುತ್ತವೆ. ಅದಕ್ಕೇ ಕೆಳಗಿನ ಹಂತಗಳಲ್ಲಿ ಅರ್ಧದಷ್ಟು ಕ್ಯಾಬಿನೆಟ್ ಮುಚ್ಚಿರುವಾಗಲೇ ಮುಗಿಸಬೇಕಾದವು. ದಯವಿಟ್ಟು ಅವನ್ನು ಹಾರಿಸಬೇಡಿ.

ನಮ್ಮ ಮನೆ, ಅಂಗಡಿ, ಕಚೇರಿಗಳಲ್ಲಿ ಹೆಚ್ಚು ಕಾಣುವ ಜೋಡಣೆಯನ್ನೇ ಇಲ್ಲಿ ಹಿಡಿದಿದ್ದೇನೆ: ಕೊಂಡಾಗ 1 ಟೆರಾಬೈಟ್‌ನ 3.5 ಇಂಚಿನ ಹಾರ್ಡ್ ಡಿಸ್ಕ್ ಇದ್ದ ಡೆಸ್ಕ್‌ಟಾಪ್, ಆಮೇಲೆ ವೇಗಕ್ಕೆಂದು ಸೇರಿಸಿದ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಮೆಮೊರಿ ಚಿಪ್ಪುಗಳಿರುವ ಡ್ರೈವ್. ವಿಂಡೋಸ್ ಇರುವುದು ಎಸ್‌ಎಸ್‌ಡಿಯಲ್ಲಿ, ಕೈಕೊಟ್ಟಿರುವುದು ಹಳೆಯ ಡಿಸ್ಕ್. ಲ್ಯಾಪ್‌ಟಾಪ್ ಮತ್ತು ಎಂ.2 ಡ್ರೈವ್ ಇರುವವರಿಗೆ ಬೇಕಾದ್ದು 8ನೇ ಹಂತದಲ್ಲಿದೆ.

ಬೇಕಾದ ಸಾಮಾನು: 2ನೇ ನಂಬರಿನ ಪ್ಲಸ್ ಸ್ಕ್ರೂಡ್ರೈವರ್ (ಲ್ಯಾಪ್‌ಟಾಪ್‌ಗೆ 0 ಅಥವಾ 00), ಸ್ಕ್ರೂ ಹಾಕಿಡಲು ಬಟ್ಟಲು, ಫೋಟೋ ತೆಗೆಯಲು ಫೋನ್, ಒಂದು ತುಂಡು ಪೇಪರ್ ಟೇಪ್, ಪೆನ್ನು, ಮಾಹಿತಿ ತುಂಬಿಸಿಕೊಳ್ಳಲು ಜಾಗವಿರುವ ಇನ್ನೊಂದು ಡ್ರೈವ್. ಮಂಚದ ಮೇಲಲ್ಲ, ಒಣಗಿದ ಮೇಜಿನ ಮೇಲೆ, ಒಳ್ಳೆಯ ಬೆಳಕಿನಲ್ಲಿ ಕೂರಿ.

1. ಕೆಟ್ಟದ್ದು ಡಿಸ್ಕೋ, ಕೇಬಲ್ಲೋ?

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಸ್ಮಾರ್ಟ್ ದಾಖಲೆ ಎನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ: ನೀಲಿ ಎಂದರೆ ಚೆನ್ನಾಗಿದೆ, ಹಳದಿ ಎಂದರೆ ಎಚ್ಚರಿಕೆ, ಕೆಂಪು ಎಂದರೆ ಕೆಟ್ಟಿದೆ. ಬಣ್ಣ ನೋಡಿ ಸುಮ್ಮನಾಗಬೇಡಿ, ಕೆಳಗಿನ ಪಟ್ಟಿಯಲ್ಲಿ ಈ ನಾಲ್ಕು ಸಾಲುಗಳನ್ನು ಹುಡುಕಿ.

05 ಎಂಬುದು ಹಾಳಾಗಿ ಬೇರೆ ಕಡೆಗೆ ಬದಲಿಸಿದ ಸೆಕ್ಟರ್‌ಗಳ ಎಣಿಕೆ. ಸೆಕ್ಟರ್ ಎಂದರೆ ಡಿಸ್ಕ್ ಒಮ್ಮೆಗೆ ಓದುವ, ಬರೆಯುವ ಅತಿ ಸಣ್ಣ ತುಂಡು. ಸಿ5 ಎಂಬುದು ಓದಲಾಗದೆ ತೀರ್ಮಾನಕ್ಕೆ ಕಾದು ನಿಂತಿರುವ ಸೆಕ್ಟರ್‌ಗಳು. ಸಿ6 ಎಂಬುದು ತಪಾಸಣೆಯಲ್ಲೂ ಸರಿಪಡಿಸಲಾಗದೆ ಉಳಿದವು. ಈ ಮೂರರಲ್ಲಿ ಯಾವುದಾದರೂ ಸೊನ್ನೆ ಬಿಟ್ಟು ಮೇಲೇರುತ್ತಾ ಇದ್ದರೆ ಡಿಸ್ಕ್ ಸೋಲುತ್ತಿದೆ ಎಂದೇ ಅರ್ಥ. ಕೊನೆಯ ಕಾಲಮ್ಮಿನ ಅಂಕಿಗಳು ಹದಿನಾರರ ಪದ್ಧತಿಯಲ್ಲಿ ಇರುತ್ತವೆ. 10 ಎಂದು ಕಂಡರೆ ಅದು ಹದಿನಾರು. ಮೆನುವಿನಲ್ಲಿ ಅದನ್ನು ಮಾಮೂಲಿ ಹತ್ತರ ಎಣಿಕೆಗೆ ಬದಲಿಸಿಕೊಳ್ಳಬಹುದು.

ನಾಲ್ಕನೆಯದು ಸಿ7. ಮೊದಲ ಮೂರು ಸೊನ್ನೆಯಾಗಿದ್ದು ಸಿ7 ಮಾತ್ರ ಏರುತ್ತಿದ್ದರೆ, ಮಾಹಿತಿ ದಾರಿಯಲ್ಲಿ ಕೆಡುತ್ತಿದೆ ಎಂದರ್ಥ, ಡಿಸ್ಕಿನಲ್ಲಿ ಅಲ್ಲ. ಕೇಬಲ್ ಸಡಿಲವಾಗಿದೆ ಇಲ್ಲವೇ ಹಾಳಾಗಿದೆ. ಕಂಪ್ಯೂಟರ್ ಆಫ್ ಮಾಡಿ ಬೇರೆ ಸಾಟಾ ಕೇಬಲ್ (ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಕೇಬಲ್), ಮದರ್‌ಬೋರ್ಡಿನಲ್ಲಿ ಬೇರೆ ಪೋರ್ಟ್ ಹಾಕಿ ಒಂದು ವಾರ ನೋಡಿ. ಹಳೆಯ ಸಿ7 ಎಣಿಕೆ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ. ಅದು ನಿಂತಿತೇ ಎಂಬುದಷ್ಟೇ ಮುಖ್ಯ. ಕೇಬಲ್ ಬದಲಿಸಿದರೆ ಸರಿಹೋಗುತ್ತಿದ್ದ ಡಿಸ್ಕುಗಳು ಗುಜರಿಗೆ ಹೋಗುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಡಿಸ್ಕಿನೊಳಗಿಂದ ಒಂದೇ ಸಮನೆ ಟಕ್, ಟಕ್, ಟಕ್ ಎಂಬ ಸದ್ದು ಬರುತ್ತಿದ್ದರೆ ಈ ಯಾವ ಪರೀಕ್ಷೆಯೂ ಬೇಡ. ಓದುವ ತಲೆ ಜಾಗ ಸಿಗದೆ ಹಿಂದಕ್ಕೂ ಮುಂದಕ್ಕೂ ಬಡಿಯುತ್ತಿದೆ. ಅದರೊಳಗಿನ ಫೋಟೋ, ಲೆಕ್ಕಪತ್ರ ನಿಮಗೆ ಬೇಕಿದ್ದರೆ ಈಗಲೇ ಆಫ್ ಮಾಡಿ, ಮತ್ತೆ ಆನ್ ಮಾಡದೆ ಡೇಟಾ ರಿಕವರಿ ಮಾಡುವವರಿಗೆ ಒಪ್ಪಿಸಿ.

2. ಓದಲು ಬರುವಷ್ಟನ್ನು ಮೊದಲು ಹೊರತೆಗೆಯಿರಿ

ಡಿಸ್ಕ್ ಇನ್ನೂ ತೆರೆಯುತ್ತಿದ್ದರೆ, ಮತ್ತೆ ಎಲ್ಲೂ ಸಿಗದ ಕಡತಗಳನ್ನು ಮೊದಲು ನಕಲಿಸಿ. ಇಡೀ ಡ್ರೈವ್ ಆಯ್ದು ಎಳೆಯಬೇಡಿ. ಒಂದು ಕೆಟ್ಟ ಕಡತ ಸಿಕ್ಕರೆ ನಕಲು ಅಲ್ಲೇ ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಒಂದೊಂದೇ ಫೋಲ್ಡರ್ ತೆಗೆದುಕೊಳ್ಳಿ. ನಿಂತಲ್ಲಿ ಬಿಟ್ಟು ಮುಂದಿನದಕ್ಕೆ ಹೋಗಿ. ಸಿನಿಮಾ, ತಂತ್ರಾಂಶದ ಕಡತಗಳು ಕೊನೆಗೆ.

ಇಲ್ಲಿ ಬಹಳ ಜನ ಮಾಡುವ ತಪ್ಪು, "ರಿಪೇರಿ ಮಾಡಲೇ" ಎಂದು ವಿಂಡೋಸ್ ಕೇಳಿದಾಗ ಹೂಂ ಎನ್ನುವುದು. ಚೆಕ್‌ಡಿಸ್ಕ್ ಎಂಬ ಆ ರಿಪೇರಿ ಕಡತಗಳ ಲೆಕ್ಕವನ್ನು ನೇರ ಮಾಡಲು ಆ ಕೆಟ್ಟ ಡಿಸ್ಕಿನ ಮೇಲೆಯೇ ಬರೆಯುತ್ತದೆ. ಪೂರ್ತಿ ತಪಾಸಣೆ ಆಯ್ದರಂತೂ ಮೂಲೆಮೂಲೆಯನ್ನೂ ಓದಿಸುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅದೇ ಕೊನೆಯ ಏಟಾಗಬಹುದು. ಚದುರಿದ ಕಡತಗಳ ತುಂಡುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಕೂಡ ಬೇಡ. ಲಿನಕ್ಸ್ ಗೊತ್ತಿರುವವರು ಡಿಡಿರೆಸ್ಕ್ಯೂ ಬಳಸಿ: ಅದು ಸುಲಭವಾಗಿ ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕಷ್ಟದವಕ್ಕೆ ಆಮೇಲೆ ಮರಳುತ್ತದೆ.

ಡಿಸ್ಕನ್ನು ಫ್ರೀಜರಿನಲ್ಲಿಡುವ ಸಲಹೆ ಈಗಲೂ ಓಡಾಡುತ್ತಿದೆ. ಇಡಬೇಡಿ. ಹೊರತೆಗೆದಾಗ ಒಳಗೆ ಹನಿಗಟ್ಟುವ ತೇವ ಉಳಿದದ್ದನ್ನೂ ಕೆಡಿಸುತ್ತದೆ. ಮುಚ್ಚಳ ತೆರೆದು ನೋಡುವುದೂ ಬೇಡ. ಓದುವ ತಲೆಗೂ ತಟ್ಟೆಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್, ಕೋಣೆಯ ಗಾಳಿಯಲ್ಲಿನ ಒಂದು ದೂಳಿನ ಕಣ ಅದಕ್ಕೆ ಬಂಡೆಗಲ್ಲು.

3. ವಿಂಡೋಸ್‌ನ ಬೇರು ಆ ಡಿಸ್ಕಿನಲ್ಲಿ ಉಳಿದಿದೆಯೇ ನೋಡಿ

ಇಡೀ ಕೆಲಸದಲ್ಲಿ ಹೆಚ್ಚು ಜನ ಬೀಳುವ ಗುಂಡಿ ಇದೇ. ಎಸ್‌ಎಸ್‌ಡಿ ಹಾಕಿ ವಿಂಡೋಸ್ ಹೊಸದಾಗಿ ಕೂರಿಸಿದಾಗ ಹಳೆಯ ಹಾರ್ಡ್ ಡಿಸ್ಕೂ ಜೊತೆಯಲ್ಲೇ ಸಿಕ್ಕಿಸಿದ್ದರೆ, ವಿಂಡೋಸ್ ತನ್ನ ಕಡತಗಳನ್ನು ಎಸ್‌ಎಸ್‌ಡಿಗೆ ಹಾಕಿ, ಕಂಪ್ಯೂಟರನ್ನು ಎಬ್ಬಿಸುವ ಬೂಟ್ ಕಡತಗಳನ್ನು ಮಾತ್ರ ಹಳೆಯ ಡಿಸ್ಕಿನಲ್ಲಿ ಆಗಲೇ ಇದ್ದ ಸಣ್ಣ ವಿಭಾಗದಲ್ಲಿ ಬಿಟ್ಟಿರಬಹುದು. ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಡಿಸ್ಕ್ ಬಿಚ್ಚಿದ ದಿನ "ಬೂಟ್ ಮಾಡಲು ಏನೂ ಸಿಗಲಿಲ್ಲ" ಎಂಬ ಕಪ್ಪು ಪರದೆ ಬರುತ್ತದೆ.

ನೋಡುವುದು ಸುಲಭ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಭಾಗದಲ್ಲಿ ಡಿಸ್ಕ್ 0, ಡಿಸ್ಕ್ 1 ಎಂದು ಅಡ್ಡ ಪಟ್ಟಿಗಳಿರುತ್ತವೆ. ಸಿ ಡ್ರೈವ್ ಇರುವ ಪಟ್ಟಿಯಲ್ಲೇ ಬೂಟ್ ಕಡತಗಳಿರುವ "ಇಎಫ್‌ಐ ಸಿಸ್ಟಮ್ ಪಾರ್ಟಿಷನ್" ಎಂಬ ಸಣ್ಣ ಡಬ್ಬಿ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅದು ಹಳೆಯ ಡಿಸ್ಕಿನ ಪಟ್ಟಿಯಲ್ಲಿ ಮಾತ್ರ ಇದ್ದರೆ ಅಲ್ಲೇ ನಿಲ್ಲಿ. ಹಳೆಯ ಬಯೋಸ್ ಮಾದರಿಯ ಯಂತ್ರಗಳಲ್ಲಿ ಇಎಫ್‌ಐ ಬದಲು "ಸಿಸ್ಟಮ್, ಆಕ್ಟಿವ್" ಎಂದು ಬರೆದಿರುತ್ತದೆ. ಹೆಸರುಗಳು ಅದಲುಬದಲಾಗಿವೆ ಎಂಬುದನ್ನು ಮರೆಯಬೇಡಿ: ವಿಂಡೋಸ್ ಇರುವ ವಿಭಾಗವನ್ನು ಮೈಕ್ರೋಸಾಫ್ಟ್ "ಬೂಟ್" ಎಂದು ಕರೆಯುತ್ತದೆ, ಬೂಟ್ ಕಡತಗಳಿರುವುದನ್ನು "ಸಿಸ್ಟಮ್" ಎಂದು. ಸಿ ಡ್ರೈವಿನ ಮೇಲೆ ಬೂಟ್ ಎಂದಿದೆಯಲ್ಲ ಎಂದು ನಿರಾಳರಾದವರೇ ಸಿಕ್ಕಿಹಾಕಿಕೊಳ್ಳುವುದು.

ಪರಿಹಾರ ಇದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಸಿ ಡ್ರೈವನ್ನು ಸುಮಾರು 300 ಮೆಗಾಬೈಟ್ ಕುಗ್ಗಿಸಿ, ಆ ಜಾಗದಲ್ಲಿ ಡಿಸ್ಕ್‌ಪಾರ್ಟ್ ಆದೇಶದಿಂದ ಇಎಫ್‌ಐ ವಿಭಾಗ ಮಾಡಿ, ಫ್ಯಾಟ್32 ರೂಪಕ್ಕೆ ಫಾರ್ಮ್ಯಾಟ್ ಮಾಡಿ, ಬಿಸಿಡಿಬೂಟ್ ಆದೇಶದಿಂದ ಬೂಟ್ ಕಡತಗಳನ್ನು ಅಲ್ಲಿ ಬರೆಸಬೇಕು. ಡಿಸ್ಕ್‌ಪಾರ್ಟ್‌ನಲ್ಲಿ ಒಂದು ಅಂಕಿ ತಪ್ಪಿದರೆ ಬೇರೆ ಡಿಸ್ಕೇ ಅಳಿಸಿಹೋಗುತ್ತದೆ. ರೂಢಿಯಿಲ್ಲದವರು ರಿಪೇರಿಯವರಿಗೆ ಇಷ್ಟು ಹೇಳಿ: "ಎಸ್‌ಎಸ್‌ಡಿಯಲ್ಲೇ ಇಎಫ್‌ಐ ವಿಭಾಗ ಮಾಡಿ ಬಿಸಿಡಿಬೂಟ್ ಓಡಿಸಿಕೊಡಿ." ವಿಂಡೋಸ್ ಹೊಸದಾಗಿ ಹಾಕಬೇಕು, ಎಲ್ಲಾ ಹೋಗುತ್ತದೆ ಎಂದು ಅವರು ಹೇಳಿದರೆ ಒಪ್ಪಬೇಕಿಲ್ಲ.

ಉಳಿದ ಬೇರುಗಳೂ ಕೆಲವಿವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ಡಿ ಡ್ರೈವಿಗೆ ವರ್ಗಾಯಿಸಿದ್ದರೆ, ಪ್ರಾಪರ್ಟೀಸ್‌ನ ಲೊಕೇಷನ್ ಪುಟದಲ್ಲಿ ಅವನ್ನು ಸಿ ಡ್ರೈವಿಗೆ ಹಿಂದಿರುಗಿಸಿ. ಪೇಜ್ ಫೈಲ್, ಅಂದರೆ ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಕಡತ, ಡಿ ಡ್ರೈವಿನಲ್ಲಿದ್ದರೆ ಅದನ್ನೂ ಬದಲಿಸಿ. ಡ್ರೈವಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆ ಬದಲಾದಾಗ ಅದು ಕೇಳಬಹುದು. ಲಿನಕ್ಸಿನವರು ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಆ ಡಿಸ್ಕಿನ ಸಾಲಿನ ಮುಂದೆ ಹ್ಯಾಷ್ ಗುರುತು ಹಾಕಿ ನಿಷ್ಕ್ರಿಯಗೊಳಿಸಿ. ಮರೆತರೆ ಈಗಿನ ಬಹುತೇಕ ಲಿನಕ್ಸ್‌ಗಳು ಬೂಟ್ ಆಗುವಾಗ 90 ಸೆಕೆಂಡ್ ಆ ಡಿಸ್ಕಿಗಾಗಿ ಕಾದು, ಎಮರ್ಜೆನ್ಸಿ ಮೋಡಿಗೆ ಬಿದ್ದುಬಿಡುತ್ತವೆ.

4. ಯಾವ ಡಿಸ್ಕ್ ಎಂದು ಸೀರಿಯಲ್ ನಂಬರಿನಿಂದ ಗುರುತಿಸಿ

ಡಿಸ್ಕ್ 0, ಡಿಸ್ಕ್ 1 ಎಂಬ ಅಂಕಿಗಳನ್ನು, ಡಿ, ಇ ಎಂಬ ಅಕ್ಷರಗಳನ್ನು ನಂಬಿ ಬಿಚ್ಚಬೇಡಿ. ಕ್ಯಾಬಿನೆಟ್ಟಿನೊಳಗೆ ಮೇಲಿನದು 0, ಕೆಳಗಿನದು 1 ಎಂಬ ನಿಯಮವೇನೂ ಇಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಕೆಟ್ಟ ಡಿಸ್ಕಿನ ಮಾದರಿ ಮತ್ತು ಸೀರಿಯಲ್ ನಂಬರ್ ಇರುತ್ತದೆ. ಅದರ ಕೊನೆಯ ನಾಲ್ಕು ಅಕ್ಷರಗಳನ್ನು ಪೇಪರ್ ಟೇಪಿನ ಮೇಲೆ ಬರೆದು ಮೇಜಿಗೆ ಅಂಟಿಸಿಕೊಳ್ಳಿ. ಡಿಸ್ಕ್ ಕಂಪ್ಯೂಟರಿಗೆ ಕಾಣುತ್ತಲೇ ಇಲ್ಲವೇ? ಹಾಗಾದರೆ ಚೆನ್ನಾಗಿರುವ ಡಿಸ್ಕುಗಳ ನಂಬರ್‌ಗಳನ್ನು ಬರೆದುಕೊಳ್ಳಿ, ಉಳಿದದ್ದೇ ಕೆಟ್ಟದ್ದು.

ಕಚೇರಿಯ ಯಂತ್ರದಲ್ಲಿ ರೇಡ್ ಇದ್ದರೆ, ಅಂದರೆ ಹಲವು ಡಿಸ್ಕುಗಳನ್ನು ಒಂದಾಗಿ ಹೊಸೆದಿದ್ದರೆ, ಈ ಹಂತ ಇನ್ನೂ ಗಂಭೀರ. ರೇಡ್ 5 ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ. ಆಗಲೇ ಒಂದು ಹೋಗಿರುವಾಗ ನೀವು ತಪ್ಪಿ ಚೆನ್ನಾಗಿರುವ ಇನ್ನೊಂದನ್ನು ಎಳೆದರೆ ಇಡೀ ಸಂಗ್ರಹ ಕುಸಿಯುತ್ತದೆ.

5. ವಿದ್ಯುತ್ ಪೂರ್ತಿ ಕಳಚಿ

ವಿಂಡೋಸ್ ಮಾಮೂಲಿ ಶಟ್‌ಡೌನಿನಲ್ಲಿ ಪೂರ್ತಿ ನಿಲ್ಲುವುದಿಲ್ಲ. ಬೇಗ ಏಳಲೆಂದು ಅರ್ಧ ಸ್ಥಿತಿಯನ್ನು ಉಳಿಸಿಕೊಳ್ಳುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಆಮೇಲೆ ಹಿಂಬದಿಯ ಎಸ್‌ಎಂಪಿಎಸ್‌ನ, ಅಂದರೆ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಡಬ್ಬಿಯ, ಸ್ವಿಚ್ ಆಫ್ ಮಾಡಿ ವೈರನ್ನೇ ಕೀಳಿ. ಗೋಡೆಯ ಸ್ವಿಚ್ ಆಫ್ ಮಾಡಿದೆ, ಕರೆಂಟ್ ಹೋಗಿದೆ ಎಂದು ನಂಬಿ ಕೈ ಹಾಕಬೇಡಿ. ಯುಪಿಎಸ್ ಇರುವ ಮನೆಗಳಲ್ಲಿ ಕರೆಂಟ್ ಹೋದರೂ ಕಂಪ್ಯೂಟರಿಗೆ ವಿದ್ಯುತ್ ಬರುತ್ತಿರುತ್ತದೆ. ಮಾನಿಟರ್, ನೆಟ್‌ವರ್ಕ್, ಯುಎಸ್‌ಬಿ ಕೇಬಲ್‌ಗಳನ್ನೂ ತೆಗೆಯಿರಿ.

ಎಲ್ಲ ಕಿತ್ತ ಮೇಲೆ ಪವರ್ ಗುಂಡಿಯನ್ನು 10 ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ. ನಂತರ ಒಂದು ನಿಮಿಷ ಸುಮ್ಮನಿರಿ. ಒಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿತ್ತು, ಅದು ನಿಂತು ಓದುವ ತಲೆ ತನ್ನ ಜಾಗಕ್ಕೆ ಸೇರಬೇಕು. ತಿರುಗುತ್ತಿರುವ ಡಿಸ್ಕನ್ನು ಅಲುಗಿಸಿದರೆ ತಲೆ ತಟ್ಟೆಗೆ ಉಜ್ಜುತ್ತದೆ.

ಮೈಯಲ್ಲಿನ ಸ್ಥಾಯೀ ವಿದ್ಯುತ್ತು, ಅಂದರೆ ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗ ಚಟಪಟ ಎನ್ನುವುದು, ಚಿಪ್ಪುಗಳನ್ನು ಸದ್ದಿಲ್ಲದೆ ಕೊಲ್ಲಬಲ್ಲದು. ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಆಗಾಗ ಮುಟ್ಟುತ್ತಿರಿ. ಕಾರ್ಪೆಟ್ ಮೇಲೆ ಕೂತು, ನೈಲಾನ್ ಬಟ್ಟೆ ತೊಟ್ಟು ಈ ಕೆಲಸ ಬೇಡ.

6. ಮೊದಲು ಕೇಬಲ್ ಮಾತ್ರ ಬಿಚ್ಚಿ

ಮುಂಭಾಗ ನಿಮ್ಮತ್ತ ಇರುವಂತೆ ಕ್ಯಾಬಿನೆಟ್ ಇಟ್ಟರೆ ಸಾಮಾನ್ಯವಾಗಿ ಎಡಗಡೆಯ ಹಲಗೆ ತೆಗೆಯಬೇಕು. ಹಿಂಬದಿಯ ಎರಡು ಸ್ಕ್ರೂ ಬಿಚ್ಚಿ ಹಿಂದಕ್ಕೆ ಜಾರಿಸಿ. ಏನನ್ನೂ ಮುಟ್ಟುವ ಮೊದಲು ಎರಡು ಮೂರು ಕೋನದಿಂದ ಫೋಟೋ ತೆಗೆಯಿರಿ.

ಡಿಸ್ಕಿನ ಹಿಂಬದಿಗೆ ಎರಡು ಕೇಬಲ್ ಬಂದಿರುತ್ತವೆ. ಕಿರಿದಾದದ್ದು ಮಾಹಿತಿಯ ಸಾಟಾ ಕೇಬಲ್, ಒಳಗೆ 7 ಸಂಪರ್ಕಗಳು. ಅಗಲವಾದದ್ದು ವಿದ್ಯುತ್ತಿನದು, 15 ಸಂಪರ್ಕಗಳು. ಎರಡರಲ್ಲೂ ಎಲ್ ಆಕಾರದ ತೆಳ್ಳನೆ ಪ್ಲಾಸ್ಟಿಕ್ ನಾಲಿಗೆಯೊಂದು ಕನೆಕ್ಟರಿನೊಳಗೆ ಹೊಕ್ಕಿರುತ್ತದೆ. ಮುರಿಯುವುದು ಇದೇ ನಾಲಿಗೆ. ಕೇಬಲ್ ಹಿಡಿದು ಮೇಲಕ್ಕೋ ಪಕ್ಕಕ್ಕೋ ಅಲ್ಲಾಡಿಸಿದರೆ ನಾಲಿಗೆ ಬುಡದಲ್ಲಿ ಬಿರುಕು ಬಿಟ್ಟು ಕೇಬಲ್ಲಿನ ಜೊತೆಗೇ ಹೊರಬರುತ್ತದೆ, ಸಂಪರ್ಕದ ಚಿನ್ನದ ಬಣ್ಣದ ಎಳೆಗಳು ಗಾಳಿಯಲ್ಲಿ ಬಾಗಿ ನಿಲ್ಲುತ್ತವೆ. ಡೇಟಾ ರಿಕವರಿಗೆ ಕೊಡುವ ಡಿಸ್ಕಾದರೆ ಇದು ಅನವಶ್ಯಕ ಇನ್ನೊಂದು ಖರ್ಚು.

ಆದ್ದರಿಂದ ವೈರನ್ನು ಹಿಡಿಯಬೇಡಿ, ಪ್ಲಾಸ್ಟಿಕ್ ತಲೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಿರಿ. ಮಾಹಿತಿ ಕೇಬಲ್ಲಿನ ಮೇಲೆ ಲೋಹದ ಸಣ್ಣ ಚಿಮ್ಮುಪಟ್ಟಿ ಇದ್ದರೆ ಅದನ್ನು ಕೆಳಕ್ಕೆ ಒತ್ತಿಕೊಂಡೇ ನೇರವಾಗಿ ಹಿಂದಕ್ಕೆ ಎಳೆಯಿರಿ. ವಿದ್ಯುತ್ ಕನೆಕ್ಟರ್ ಬಿಗಿಯಾಗಿರುತ್ತದೆ. ಎಡ ಅಂಚನ್ನು ಕೂದಲೆಳೆಯಷ್ಟು, ಬಲ ಅಂಚನ್ನು ಅಷ್ಟೇ, ಹೀಗೆ ಸರದಿಯಲ್ಲಿ ಹಿಂದಕ್ಕೆ ತನ್ನಿ. ಇನ್ನೊಂದು ಕೈ ಡಿಸ್ಕನ್ನು ಒತ್ತಿ ಹಿಡಿದಿರಲಿ.

ಈಗ ಡಿಸ್ಕ್ ಅಲ್ಲೇ ಇರಲಿ. ಪವರ್ ವೈರು, ಮಾನಿಟರ್, ಕೀಬೋರ್ಡ್ ಜೋಡಿಸಿ ಕಂಪ್ಯೂಟರ್ ಆನ್ ಮಾಡಿ. ಒಳಗಡೆ ಕೈ ಹಾಕಬೇಡಿ. ವಿಂಡೋಸ್ ಎಂದಿನಂತೆ ಎದ್ದು, ಸಿ ಡ್ರೈವ್ ಮತ್ತು ಉಳಿಯಬೇಕಾದ ಡ್ರೈವ್‌ಗಳೆಲ್ಲ ಕಂಡರೆ ನೀವು ಆರಿಸಿದ್ದು ಸರಿಯಾದ ಡಿಸ್ಕ್. ಏಳದಿದ್ದರೆ ಬಯೋಸ್ (ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ತೆರೆದು ಬೂಟ್ ಕ್ರಮದಲ್ಲಿ ಎಸ್‌ಎಸ್‌ಡಿಯ "ವಿಂಡೋಸ್ ಬೂಟ್ ಮ್ಯಾನೇಜರ್" ಮೇಲಿದೆಯೇ ನೋಡಿ. ಅದು ಪಟ್ಟಿಯಲ್ಲೇ ಇಲ್ಲವಾದರೆ 3ನೇ ಹಂತದಲ್ಲಿ ಏನೋ ತಪ್ಪಿದೆ. ಆಫ್ ಮಾಡಿ, ವೈರು ಕಿತ್ತು, ಕೇಬಲ್ ಮತ್ತೆ ಸಿಕ್ಕಿಸಿ ಅಲ್ಲಿಂದ ಸರಿಪಡಿಸಿ. ಒಂದೂ ಸ್ಕ್ರೂ ಬಿಚ್ಚದೆ ಇಷ್ಟು ಖಚಿತವಾಗುವುದರಿಂದ ಈ ಐದು ನಿಮಿಷವನ್ನು ಉಳಿಸಲು ಹೋಗಬೇಡಿ.

7. ಸ್ಕ್ರೂ ಬಿಚ್ಚಿ ಡಿಸ್ಕ್ ಹೊರತೆಗೆಯುವುದು

5ನೇ ಹಂತವನ್ನು ಮತ್ತೆ ಮಾಡಿ. 3.5 ಇಂಚಿನ ಡಿಸ್ಕಿಗೆ ಎರಡೂ ಪಕ್ಕದಲ್ಲಿ ಸ್ಕ್ರೂ ಇರುತ್ತವೆ. ಒಂದು ಪಕ್ಕದವು ಕಾಣಬೇಕಾದರೆ ಕ್ಯಾಬಿನೆಟ್ಟಿನ ಬಲಗಡೆಯ ಹಲಗೆಯನ್ನೂ ತೆಗೆಯಬೇಕಾಗಬಹುದು. ಕೊನೆಯ ಸ್ಕ್ರೂ ಬಿಚ್ಚುವಾಗ ಡಿಸ್ಕ್ ಕೆಳಕ್ಕೆ ಬೀಳದಂತೆ ಕೈ ಕೊಡಿ. ಸ್ಕ್ರೂ ಇಲ್ಲದ ಪ್ಲಾಸ್ಟಿಕ್ ಟ್ರೇ ಆದರೆ ಎರಡು ಪಕ್ಕದ ಕಿವಿಗಳನ್ನು ಒಳಕ್ಕೆ ಹಿಂಡಿ ಹೊರಗೆ ಜಾರಿಸಿ. ಗ್ರಾಫಿಕ್ಸ್ ಕಾರ್ಡ್ ಅಡ್ಡ ಬಂದರೆ ಬಲವಂತ ಬೇಡ. ಕಾರ್ಡನ್ನು ಮೊದಲು ತೆಗೆಯಿರಿ.

ಡಿಸ್ಕನ್ನು ಅಂಚುಗಳಲ್ಲಿ ಹಿಡಿಯಿರಿ. ಅಡಿಭಾಗದ ಹಸಿರು ಅಥವಾ ನೀಲಿ ಸರ್ಕ್ಯೂಟ್ ಹಲಗೆಯನ್ನು ಮುಟ್ಟಬೇಡಿ. ಮೇಲಿನ ಲೇಬಲ್ಲಿನ ಸೀರಿಯಲ್ ನಂಬರನ್ನು ಮೇಜಿನ ಮೇಲಿನ ಟೇಪಿನ ಜೊತೆ ಹೋಲಿಸಿ.

ಸ್ಕ್ರೂಗಳನ್ನು ಬೆರೆಸಬೇಡಿ. 3.5 ಇಂಚಿನ ಡಿಸ್ಕಿನವು ದಪ್ಪ ಎಳೆಯ 6-32 ಸ್ಕ್ರೂ; 2.5 ಇಂಚಿನ ಎಸ್‌ಎಸ್‌ಡಿಯವು ಸಣ್ಣ ಎಳೆಯ ಎಂ3. ಒಂದನ್ನು ಇನ್ನೊಂದರ ತೂತಿಗೆ ತಿರುಗಿಸಿದರೆ ಎಳೆ ಸವೆದು ಮುಂದೆ ಯಾವುದೂ ನಿಲ್ಲುವುದಿಲ್ಲ.

8. ಲ್ಯಾಪ್‌ಟಾಪ್ ಮತ್ತು ಎಂ.2 ಡ್ರೈವ್

ಲ್ಯಾಪ್‌ಟಾಪಿನಲ್ಲಿ ಚಾರ್ಜರ್ ಕಿತ್ತರೆ ಸಾಲದು, ಒಳಗೆ ಬ್ಯಾಟರಿ ಇದೆ. ಅಡಿ ಮುಚ್ಚಳ ತೆಗೆದ ತಕ್ಷಣದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರನ್ನು ಮದರ್‌ಬೋರ್ಡಿನಿಂದ ಬಿಡಿಸುವುದು. ಮುಚ್ಚಳದ ಸ್ಕ್ರೂಗಳ ಉದ್ದ ಬೇರೆಬೇರೆ ಇರುವುದರಿಂದ, ರಟ್ಟಿನ ಮೇಲೆ ಮುಚ್ಚಳದ ಚಿತ್ರ ಬಿಡಿಸಿ ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡದ ಜಾಗಕ್ಕೆ ಹೋದರೆ ಕೀಬೋರ್ಡನ್ನು ಅಡಿಯಿಂದ ತಿವಿಯುತ್ತದೆ. ಮುಚ್ಚಳ ಬಿಡಿಸಲು ಚಾಕು ಬೇಡ, ಹಳೆಯ ಎಟಿಎಂ ಕಾರ್ಡ್ ಸಾಕು.

ಎಂ.2 ಎಂದರೆ ಚೂಯಿಂಗ್ ಗಮ್ ಪಟ್ಟಿಯಂಥ ಡ್ರೈವ್. 2280 ಎಂಬ ಗುರುತಿನ ಅರ್ಥ 22 ಮಿಲಿಮೀಟರ್ ಅಗಲ, 80 ಉದ್ದ. ಹೊಸದು ತರುವಾಗ ಈ ಅಳತೆಯನ್ನೂ, ಸಾಟಾ ಮಾದರಿಯೋ ಎನ್‌ವಿಎಂಇ ಮಾದರಿಯೋ ಎಂಬುದನ್ನೂ ನೋಡಿಕೊಳ್ಳಿ. ತುದಿಯ ಒಂದೇ ಸಣ್ಣ ಸ್ಕ್ರೂ ಬಿಚ್ಚಿದೊಡನೆ ಡ್ರೈವ್ ಓರೆಯಾಗಿ ಮೇಲೇಳುತ್ತದೆ. ಅದೇ ಓರೆಯಲ್ಲಿ ಹೊರಕ್ಕೆ ಎಳೆಯಿರಿ. ನೇರ ಮೇಲಕ್ಕೆತ್ತಿದರೆ ಸ್ಲಾಟ್ ಕಿತ್ತುಬರುತ್ತದೆ. ಮೇಲೆ ಹೀಟ್‌ಸಿಂಕ್ ಇದ್ದು ಅಂಟು ಪ್ಯಾಡಿನಿಂದ ಹಿಡಿದುಕೊಂಡಿದ್ದರೆ ಒಂದು ಮೂಲೆಯಿಂದ ನಿಧಾನವಾಗಿ ಬಿಡಿಸಿ. ಬಳಕೆಯಲ್ಲಿದ್ದ ಡ್ರೈವ್ ಕೈ ಸುಡುವಷ್ಟು ಬಿಸಿಯಿರುತ್ತದೆ, ಹತ್ತು ನಿಮಿಷ ಆರಲಿ.

9. ಉಳಿದ ಕೇಬಲ್‌ಗಳು

ಕ್ಯಾಬಿನೆಟ್ಟಿನಲ್ಲಿ ನೇತಾಡುವ ಕೇಬಲ್ ಫ್ಯಾನಿಗೆ ಸಿಗದಂತೆ ಕಟ್ಟಿ. ಕಳಚಬಹುದಾದ ಕೇಬಲ್ಲಿನ ಎಸ್‌ಎಂಪಿಎಸ್ ಇದ್ದರೆ, ತೆಗೆದ ವಿದ್ಯುತ್ ಕೇಬಲ್ಲಿನ ಮೇಲೆ ಆ ಎಸ್‌ಎಂಪಿಎಸ್‌ನ ಮಾದರಿ ಬರೆದಿಡಿ. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಗಳಲ್ಲೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿ ಹಾಗಲ್ಲ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಸಿಕ್ಕಿಸಿದರೆ ಸರಿಯಾಗಿ ಕೂರುತ್ತದೆ, ಆದರೆ 5 ವೋಲ್ಟಿನ ಜಾಗಕ್ಕೆ 12 ವೋಲ್ಟ್ ಹರಿದು ಹೊಸ ಡಿಸ್ಕೂ ಆನ್ ಮಾಡಿದ ಕ್ಷಣದಲ್ಲೇ ಸುಟ್ಟುಹೋಗಬಹುದು.

10. ಹೊರಬಂದ ಡಿಸ್ಕನ್ನು ಏನು ಮಾಡುವುದು

ವಾರಂಟಿ ಇದೆಯೇ ಎಂದು ಕಂಪನಿಯ ತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿ. ಲೇಬಲ್ ಹರಿಯಬೇಡಿ, ಅದರ ಮೇಲೆ ಬರೆಯಬೇಡಿ. ವಾರಂಟಿಗೆ ಕೊಟ್ಟ ಡಿಸ್ಕ್ ನಿಮಗೆ ಹಿಂದಿರುಗುವುದಿಲ್ಲ, ಬೇರೊಂದು ಬರುತ್ತದೆ. ಹಳೆಯದರಲ್ಲಿ ಆಧಾರ್, ಬ್ಯಾಂಕ್ ಕಾಗದಗಳು ಬಯಲಾಗಿ ಇದ್ದರೆ ವಾರಂಟಿ ಬೇಕೇ ಎಂದು ಯೋಚಿಸಿ.

ಮಾಹಿತಿ ರಿಕವರಿಗೆ ಕೊಡುವುದಾದರೆ ಸ್ಥಾಯೀ ವಿದ್ಯುತ್ ತಡೆಯುವ ಚೀಲದಲ್ಲಿ ಹಾಕಿ, ಸುತ್ತ ಎರಡು ಬೆರಳು ದಪ್ಪದ ಸ್ಪಂಜಿಟ್ಟು ಪೆಟ್ಟಿಗೆಗೆ ಸೇರಿಸಿ.

ಎರಡೂ ಬೇಡವಾದರೆ ಹಾಳುಮಾಡಿ, ಆಮೇಲೆ ಕೊಡಿ. ಕೆಟ್ಟ ಡಿಸ್ಕನ್ನು ಅಳಿಸಲು ಆಗುವುದಿಲ್ಲ, ಆದರೆ ಸರಿಯಾದ ಸಲಕರಣೆ ಇದ್ದವರು ಓದಬಹುದು. 3.5 ಇಂಚಿನ ಡಿಸ್ಕಿನ ತಟ್ಟೆಗಳು ಹೆಚ್ಚಾಗಿ ಅಲ್ಯೂಮಿನಿಯಂ, ಡ್ರಿಲ್ಲಿನಿಂದ ಮೂರು ನಾಲ್ಕು ಕಡೆ ಆರಪಾರ ತೂತು ಹಾಕಿಸಿದರೆ ಸಾಕು. ಲ್ಯಾಪ್‌ಟಾಪಿನ 2.5 ಇಂಚಿನದರಲ್ಲಿ ತಟ್ಟೆಗಳು ಸಾಮಾನ್ಯವಾಗಿ ಗಾಜು; ಸುತ್ತಿಗೆ ಬಿದ್ದರೆ ಚೂರುಚೂರಾಗಿ ಸಿಡಿಯುತ್ತವೆ. ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಮಕ್ಕಳನ್ನು ದೂರ ಕಳಿಸಿ ಹೊಡೆಯಿರಿ. ಎಸ್‌ಎಸ್‌ಡಿಗೆ ಅಯಸ್ಕಾಂತದಿಂದ ಏನೂ ಆಗುವುದಿಲ್ಲ. ಅದರ ಹಲಗೆಯ ಮೇಲಿನ ಕಪ್ಪು ಮೆಮೊರಿ ಚಿಪ್ಪುಗಳೇ ಒಡೆಯಬೇಕು, ಒಂದೂ ಬಿಡದೆ.

ಆಮೇಲೆ ಅದು ಕಸದ ಬುಟ್ಟಿಗೂ ಅಲ್ಲ, ಗುಜರಿ ತಳ್ಳುಗಾಡಿಗೂ ಅಲ್ಲ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅದರಂತೆ ಇಂಥ ವಸ್ತುಗಳನ್ನು ಬಿಡಿಸಿ ಮರುಬಳಕೆ ಮಾಡಬೇಕಾದವರು ನೋಂದಾಯಿತ ಘಟಕದವರು. ಕೊಡುವ ಮುನ್ನ ಆ ಘಟಕ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಿ. ಕಚೇರಿಯ ಡಿಸ್ಕಾದರೆ ಸೀರಿಯಲ್ ನಂಬರ್ ನಮೂದಿಸಿದ ರಸೀದಿ ಪಡೆದು, ಮೇಜಿನ ಮೇಲಿನ ಆ ಪೇಪರ್ ಟೇಪನ್ನು ಅದರ ಹಿಂದೆ ಅಂಟಿಸಿ ಕಡತಕ್ಕೆ ಸೇರಿಸಿ.